ಮಾರಿಕಣಿವೆ ಹಿನ್ನೀರು ಮತ್ತು ದೊಡ್ಡಪ್ಪನ ಟ್ರಂಕಿನ ನಕ್ಷೆ

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ, ಅಂದರೆ ನಮ್ಮ ಮಾರಿಕಣಿವೆ ಡ್ಯಾಮು, ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ಹಿರಿಯೂರು ಕಡೆ ಹೊರಟಿತ್ತು. 1933ರಲ್ಲಿ ಬಿದ್ದಿದ್ದ ಕೋಡಿ, ಆಮೇಲೆ 89 ವರ್ಷ ಬಿದ್ದಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬಂದವರು, ಬಾಗಿನ ಹಿಡಿದು ಬಂದವರು, ಟ್ರ್ಯಾಕ್ಟರಿನಲ್ಲಿ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಬಂದವರು. ನಾನು ಮಾತ್ರ ಆ ಕಡೆ ಹೋಗದೆ ಹೊಸದುರ್ಗದ ಮೇಲೆ ಹಾದು ಹಿನ್ನೀರಿನ ಕಡೆಗೆ ಹೋದೆ. ಅಲ್ಲಿ ನಮ್ಮ ದೊಡ್ಡಪ್ಪನ ಊರಿದೆ. ಡ್ಯಾಮಿನ ಮುಂದೆ ಜಾತ್ರೆ ನಡೆದಿದ್ದರೆ ಹಿಂದುಗಡೆ ಅಡಿಕೆ ತೋಟದೊಳಗೆ ನೀರು ನಿಂತಿತ್ತು. ತೆಂಗಿನ ಮರಗಳು ಸೊಂಟದವರೆಗೆ ಮುಳುಗಿದ್ದವು. ಎಷ್ಟೋ ಜನ ಒಡ್ಡಿನ ಮೇಲೆ ನಿಂತು ಮಾತಾಡದೆ ನೋಡುತ್ತಿದ್ದರು.

ದೊಡ್ಡಪ್ಪನಿಗೆ ಎಂಬತ್ತು ದಾಟಿದೆ. ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ನನ್ನ ಪಕ್ಕ ಬಂದು ನಿಂತು, ನೀರಿನ ಅಂಚನ್ನು ತೋರಿಸಿ, "ಇಲ್ಲಿಗೇ ಬರಬೇಕಿತ್ತು ಕಣಪ್ಪ. ನಕ್ಷೇಲಿ ಇಲ್ಲಿಗೇ ಐತೆ" ಅಂದರು.

ಯಾವ ನಕ್ಷೆ ದೊಡ್ಡಪ್ಪ ಅಂತ ಕೇಳಿದೆ. ಅವತ್ತು ಸಂಜೆ ಅಟ್ಟದ ಮೇಲಿಂದ ತಗಡಿನ ಟ್ರಂಕು ಇಳಿಸಿದರು.

ಆ ನಕ್ಷೆಯ ಬಗ್ಗೆ ಬರೆಯಬೇಕು ಅಂತ ಎರಡು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಈಗ ಬರೆಯುತ್ತಿದ್ದೇನೆ.

ಅದು ದೇಶದ ನಕ್ಷೆ ಮಾಡುವ ಸರ್ಕಾರಿ ಇಲಾಖೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಗುಡ್ಡ, ಹೊಳೆ, ಊರು, ದಾರಿ ಎಲ್ಲ ತೋರಿಸುವ ನಕ್ಷೆ. ಕಾಗದವನ್ನು ಎಂಟು ತುಂಡು ಮಾಡಿ ತೆಳ್ಳನೆಯ ಬಟ್ಟೆಯ ಮೇಲೆ ಅಂಟಿಸಿದ್ದಾರೆ. ತುಂಡು ತುಂಡಿನ ನಡುವೆ ಒಂದು ಎಳೆಯಷ್ಟು ಸಂದು ಬಿಟ್ಟಿದ್ದಾರೆ, ಮಡಚುವಾಗ ಕಾಗದ ಮುರಿಯದೆ ಬಟ್ಟೆ ಮಾತ್ರ ಮಡಚಿಕೊಳ್ಳಲಿ ಅಂತ. ನಾನು ಚಿತ್ರದುರ್ಗದಲ್ಲಿ ಆಫ್‌ಸೆಟ್ ಪ್ರೆಸ್ಸಿನಲ್ಲಿ ಕೆಲಸ ಮಾಡುವವನು, ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಇದೇ ನನ್ನ ದಿನದ ಕೆಲಸ. ಅದಕ್ಕೇ ಮೊದಲು ಕಣ್ಣಿಗೆ ಬಿದ್ದಿದ್ದು ನದಿ ಅಲ್ಲ, ಬಣ್ಣ. ಕಪ್ಪು, ನೀಲಿ, ಕಂದು, ಕೆಂಪು, ಹಸಿರು, ಹಳದಿ. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಪ್ಲೇಟು ಮಾಡಿ, ಒಂದೇ ಹಾಳೆಯನ್ನು ಮತ್ತೆ ಮತ್ತೆ ಮಷೀನಿಗೆ ಕೊಟ್ಟು ತೆಗೆದ ಮುದ್ರಣ. ಪ್ರೆಸ್ಸಿನ ಲೂಪ್, ಅಂದರೆ ಸಣ್ಣ ಭೂತಗನ್ನಡಿ, ಹಿಡಿದು ನೋಡಿದರೆ ಒಂದು ಕಡೆ ನೀಲಿ ಬಣ್ಣ ಕಪ್ಪು ಗೆರೆಯಿಂದ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದೆ. ಅಷ್ಟೇ. ಉಳಿದ ಕಡೆ ಎಲ್ಲ ರಿಜಿಸ್ಟರ್, ಅಂದರೆ ಬಣ್ಣಕ್ಕೆ ಬಣ್ಣದ ಹೊಂದಾಣಿಕೆ, ಸರಿಯಾಗಿ ಕೂತಿದೆ. ಇವತ್ತಿನ ಮಷೀನಿನಲ್ಲಿ ನಾಲ್ಕು ಬಣ್ಣ ಕೂರಿಸುವಾಗಲೇ ಎಷ್ಟು ಹಾಳೆ ಹಾಳಾಗುತ್ತವೆ ಅಂತ ನನಗೆ ಗೊತ್ತು. ಆ ಕೆಲಸ ಮಾಡಿದವರ ಹೆಸರು ನಕ್ಷೆಯಲ್ಲಿ ಎಲ್ಲೂ ಇಲ್ಲ. ಅವರಿಗೆ ನನ್ನ ನಮಸ್ಕಾರ.

ಯಾವ ವರ್ಷದ್ದು? ಕೆಳಗಿನ ಅಂಚು ಹರಿದಿದೆ, ವರ್ಷ ಇರಬೇಕಾದ ಜಾಗವೇ ಹೋಗಿದೆ. ಆದರೆ ಸುಳಿವು ಉಳಿದಿವೆ. ಬೆಲೆ ರೂಪಾಯಿ ಆಣೆಯಲ್ಲಿದೆ. ನಯಾಪೈಸೆ ಬಂದಿದ್ದು 1957ರ ಏಪ್ರಿಲ್‌ನಲ್ಲಿ, ಹಾಗಾಗಿ ಅದಕ್ಕಿಂತ ಮುಂಚಿನದು. ಜಿಲ್ಲೆಯ ಹೆಸರು ಚಿತಲ್‌ಡ್ರೂಗ್ ಅಂತಿದೆ, ಬ್ರಿಟಿಷರ ಬಾಯಲ್ಲಿ ಚಿತ್ರದುರ್ಗ ಹಾಗಾಗಿತ್ತು. ಮಾರಿಕಣಿವೆ ಡ್ಯಾಮು ನಕ್ಷೆಯಲ್ಲಿದೆ. ಅದು ಮುಗಿದಿದ್ದು 1907ರಲ್ಲಿ. ಅಂದ್ರೆ ಆ ಐವತ್ತು ವರ್ಷಗಳ ನಡುವೆ ಎಲ್ಲೋ. ದೊಡ್ಡಪ್ಪ ಅರವತ್ತರ ದಶಕದಲ್ಲಿ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದರು. ಅಡಿ, ಮೈಲಿ ಹೋಗಿ ಮೀಟರ್, ಕಿಲೋಮೀಟರ್ ಬಂದ ಮೇಲೆ ಹಳೇ ನಕ್ಷೆಗಳನ್ನೆಲ್ಲ ರದ್ದಿಗೆ ಕಟ್ಟಿದರಂತೆ. ತಮ್ಮೂರಿನ ಹೆಸರು ಕಂಡಿದ್ದರಿಂದ ಇದೊಂದನ್ನು ಸಾಹೇಬರನ್ನು ಕೇಳಿ ಮನೆಗೆ ತಂದಿದ್ದಾರೆ.

ಶೀಟ್ ನಂಬರ್ 57 ಸಿ/5. ಈ ನಂಬರಿನ ಲೆಕ್ಕ ಗೊತ್ತಾದರೆ ನಿಮ್ಮೂರಿನ ಶೀಟನ್ನು ನೀವೇ ಹುಡುಕಬಹುದು, ಅದಕ್ಕೇ ಸ್ವಲ್ಪ ಹೇಳುತ್ತೇನೆ. ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ದೊಡ್ಡ ಚೌಕಗಳಾಗಿ ಮಾಡಿ ನಂಬರ್ ಕೊಟ್ಟಿದ್ದಾರೆ. 57 ಅಂದರೆ ಪೂರ್ವ ರೇಖಾಂಶ 76ರಿಂದ 80, ಉತ್ತರ ಅಕ್ಷಾಂಶ 12ರಿಂದ 16. ಅದರೊಳಗೆ ಒಂದೊಂದು ಡಿಗ್ರಿಯ 16 ಮನೆ, ಇಂಗ್ಲಿಷ್ ಅಕ್ಷರ ಎಯಿಂದ ಪಿವರೆಗೆ, ಮೇಲಿಂದ ಕೆಳಕ್ಕೆ ಇಳಿದು ಮತ್ತೆ ಪಕ್ಕದ ಸಾಲಿಗೆ ಹತ್ತುತ್ತವೆ. ಒಂದೊಂದು ಅಕ್ಷರದೊಳಗೆ ಮತ್ತೆ 16 ಮನೆ, ಒಂದೊಂದೂ 15 ನಿಮಿಷದ್ದು. ಒಂದು ಮೈಲಿಗೆ ಒಂದು ಇಂಚಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 17 ಇಂಚಿನ ಚೌಕ ಆಗುತ್ತದೆ. ಚಿತ್ರದುರ್ಗ ಊರು, ಜೋಗಿಮಟ್ಟಿ ಎರಡೂ 57 ಬಿ/8ರಲ್ಲಿ ಬರುತ್ತವೆ. ದಾವಣಗೆರೆಯವರು 48 ಎನ್/15 ಹುಡುಕಿ. 76ನೇ ರೇಖಾಂಶ ದಾವಣಗೆರೆಯ ಮೂಡಲಿಗೆ ಸ್ವಲ್ಪ ದೂರದಲ್ಲೇ ಹಾದು ಹೋಗುತ್ತದೆ, ಆದ್ದರಿಂದ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ ದೂರದ ಈ ಎರಡು ಊರು ಸರ್ವೆಯವರ ಲೆಕ್ಕದಲ್ಲಿ ಬೇರೆ ಬೇರೆ ದೊಡ್ಡ ಹಾಳೆಯ ಮೇಲಿವೆ. ಈಗಿನ ಶೀಟುಗಳು 1:50,000 ಅಳತೆಯವು. 2017ರಿಂದ ಸರ್ವೆ ಆಫ್ ಇಂಡಿಯಾದವರೇ ಆನ್‌ಲೈನಿನಲ್ಲಿ ಪಿಡಿಎಫ್ ಕೊಡುತ್ತಿದ್ದಾರೆ. ನಂಬರ್ ಮಾತ್ರ ಸಾರ್ವಜನಿಕರಿಗೆ ಕೊಡುವ ಈ ಓಪನ್ ಸೀರೀಸ್‌ನಲ್ಲಿ ಬೇರೆ ಥರ ಇದೆ. ಹಳೇದು ಬೇಕು ಅಂದರೆ ಅಮೆರಿಕದ ಸೈನ್ಯದವರು ಐವತ್ತರ ದಶಕದಲ್ಲಿ ಮಾಡಿದ 1:250,000 ಅಳತೆಯ ಯು502 ಸರಣಿ ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಸ್ಕ್ಯಾನ್ ಆಗಿ ಬಿಟ್ಟಿ ಸಿಗುತ್ತದೆ. ಅಷ್ಟು ವಿವರ ಇರಲ್ಲ, ಆದರೂ ನೋಡಿ.

ಈಗ ನದಿಗೆ ಬರೋಣ.

ವೇದಾವತಿ ಬಾಬಾಬುಡನ್‌ಗಿರಿ ಕಡೆಯಿಂದ ಇಳಿಯುತ್ತದೆ. ವೇದಾ, ಅವತಿ ಅಂತ ಎರಡು ಹೊಳೆ, ಕಡೂರಿನ ಹತ್ತಿರ ಕೂಡುತ್ತವೆ. ಅಯ್ಯನಕೆರೆ, ಮದಗದ ಕೆರೆ ಎಲ್ಲ ಇದರ ನೀರೇ ಕುಡಿದು ತುಂಬುವ ಕೆರೆಗಳು. ಅಲ್ಲಿ ಮಲೆನಾಡಿನ ಮಗಳಂತೆ ಹುಟ್ಟಿ, ಹೊಸದುರ್ಗಕ್ಕೆ ಬರುವ ಹೊತ್ತಿಗೆ ಪೂರ್ತಿ ಬಯಲುಸೀಮೆಯವಳಾಗಿರುತ್ತಾಳೆ. ನಕ್ಷೆಯಲ್ಲೂ ಹಾಗೇ ಇದೆ. ನಮಗೆ ನದಿ ಅಂದರೆ ನೀಲಿ ಅಲ್ವಾ? ಇಲ್ಲಿ ವೇದಾವತಿಯ ಎರಡೂ ದಡ ಕಪ್ಪು ಗೆರೆ. ನಡುವೆ ಬಿಳಿ, ಅದರ ತುಂಬ ಸಣ್ಣ ಸಣ್ಣ ಚುಕ್ಕಿ. ಚುಕ್ಕಿ ಅಂದರೆ ಮರಳು. ಆ ಮರಳಿನ ನಡುವೆ ದಾರ ಬಿದ್ದಂತೆ ಒಂದು ನೀಲಿ ಎಳೆ, ಅದೂ ಅಲ್ಲಲ್ಲಿ ಕಡಿದು ಹೋಗುತ್ತದೆ. ವರ್ಷದ ಬಹುಪಾಲು ಒಣಗಿರುವ ಹೊಳೆ, ಹಳ್ಳಗಳನ್ನು ಸರ್ವೆಯವರು ಕಪ್ಪಿನಲ್ಲೇ ಬರೆಯುತ್ತಾರೆ, ನೀರು ಇರುವ ಕಡೆ ಮಾತ್ರ ನೀಲಿ. ಇದ್ದದ್ದನ್ನು ಇದ್ದಂತೆ ಬರೆದಿದ್ದಾರೆ, ನದಿ ಅಂದ ಮಾತ್ರಕ್ಕೆ ಇಲ್ಲದ ನೀರು ತುಂಬಿಸಿಲ್ಲ. ನನಗೆ ಅದು ತುಂಬ ಇಷ್ಟವಾಯಿತು.

ಆ ಚುಕ್ಕಿಗಳ ಮೇಲೆ ಬೆರಳಿಟ್ಟು ದೊಡ್ಡಪ್ಪ, "ಬ್ಯಾಸಿಗೇಲಿ ಮೊಣಕೈಯುದ್ದ ತೋಡಿದ್ರೆ ಸಾಕು, ಒರತೆ ನೀರು. ಚಿಪ್ಪಲ್ಲಿ ಗೋರಿ ಗೋರಿ ಬಿಂದಿಗೆ ತುಂಬಿಸ್ತಿದ್ವಿ. ಸಕ್ಕರೆ ಇದ್ದಂಗೆ ಇರೋದು" ಅಂದರು. ಈಗ ಆ ಜಾಗದಲ್ಲಿ ಮರಳಿಲ್ಲ. ಎತ್ತಿ ಎತ್ತಿ ಖಾಲಿಯಾಗಿ ಗುಂಡಿ ಬಿದ್ದಿದೆ, ಬಳ್ಳಾರಿ ಜಾಲಿ ಹಬ್ಬಿದೆ. ಹೊಳೆಯ ದಡ ಎಲ್ಲಿ ಶುರುವಾಗುತ್ತದೆ ಅಂತ ಸ್ಥಳದಲ್ಲಿ ನಿಂತರೆ ಗೊತ್ತಾಗಲ್ಲ, ನಕ್ಷೆ ನೋಡಿದರೆ ಗೊತ್ತಾಗುತ್ತದೆ.

ಕೆಲ್ಲೋಡು ದಾಟಿ ಮೂಡಲಿಗೆ ಹೋದಂತೆ ಕಂದು ಗೆರೆಗಳು ಒತ್ತೊತ್ತಾಗುತ್ತವೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆ, 50 ಅಡಿಗೊಂದು. ನಮ್ಮ ದೊಡ್ಡಪ್ಪನ ಊರಿನ ಹಿಂದಿನ ಗುಡ್ಡದ ಒಂದು ಬದಿಯಲ್ಲಿ ಲೂಪ್ ಇಟ್ಟು ಎಣಿಸಿದೆ. ಕಾಲು ಇಂಚಿನೊಳಗೆ ಒಂಬತ್ತು ಗೆರೆ. ಅಂದರೆ ಕಾಲು ಮೈಲಿ ನಡೆಯುವಷ್ಟರಲ್ಲಿ ಹೆಚ್ಚುಕಮ್ಮಿ 450 ಅಡಿ ಏರಬೇಕು. ಚಿಕ್ಕವನಿದ್ದಾಗ ಸೀತಾಫಲಕ್ಕೆ ಅಂತ ಆ ಬದಿಯಲ್ಲೇ ಹತ್ತುತ್ತಿದ್ದೆವು, ನಡುವೆ ಎರಡು ಸಲ ಕೂತು ಏದುಸಿರು ಬಿಡುತ್ತಿದ್ದೆವು. ಆ ಏದುಸಿರು ಕಾಗದದ ಮೇಲೆ ಒಂಬತ್ತು ಗೆರೆಯಾಗಿ ಕೂತಿದೆ.

ಈ ಗುಡ್ಡಗಳ ನಡುವೆ ಹೊಳೆ ಒಂದು ಕಿಂಡಿ ಮಾಡಿಕೊಂಡು ಆಚೆ ದಾಟುತ್ತದೆ. ಅದೇ ಮಾರಿಕಣಿವೆ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಆ ಹೆಸರು. ಎರಡೂ ಕಡೆ ಕಲ್ಲುಗುಡ್ಡ, ನಡುವೆ ಇಕ್ಕಟ್ಟು. ಯಾವ ಇಂಜಿನಿಯರ್ ನೋಡಿದರೂ ಇಲ್ಲಿ ಗೋಡೆ ಕಟ್ಟಬೇಕು ಅನ್ನಿಸುವ ಜಾಗ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಕೆಲಸ ಶುರುವಾಯಿತು. ಅವರ ವಾಣಿವಿಲಾಸ ಸನ್ನಿಧಾನ ಅನ್ನುವ ಬಿರುದಿನಿಂದಲೇ ವಾಣಿವಿಲಾಸ ಸಾಗರ. ಕನ್ನಂಬಾಡಿಗೆ ಇನ್ನೂ ಕಲ್ಲು ಬಿದ್ದಿರಲಿಲ್ಲ, ಆಗಲೇ ಇದು ಮುಗಿದಿತ್ತು. ಗುಡ್ಡದ ಮೇಲೆ ನಿಂತು ನೋಡಿದರೆ ನೀರು ಭಾರತದ ನಕ್ಷೆಯ ಆಕಾರದಲ್ಲಿ ಕಾಣುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಟೋಪೋಶೀಟಿನಲ್ಲಿ ಮೇಲಿಂದ ನೋಡಿದಾಗ ಹಾಗೆ ಕಾಣಲ್ಲ. ಗುಡ್ಡದ ಓರೆ ನೋಟಕ್ಕೆ ಮಾತ್ರ ಆ ಆಕಾರ. ಇಲ್ಲಿ ಅದು ಹಳ್ಳ ಹಳ್ಳಕ್ಕೂ ಬೆರಳು ಚಾಚಿದ ಅಂಗೈ.

ದೊಡ್ಡಪ್ಪ ಅವತ್ತು ಒಡ್ಡಿನ ಮೇಲೆ ನಿಂತು ಹೇಳಿದ ಮಾತು ಇಲ್ಲಿ ಬರುತ್ತದೆ. ನಕ್ಷೆಯಲ್ಲಿ ಹಿನ್ನೀರಿಗೆ ಎರಡು ಅಂಚಿವೆ. ಒಳಗಡೆ ನೀಲಿ ತುಂಬಿದ ಭಾಗ, ಅಂದರೆ ಯಾವಾಗಲೂ ನೀರಿರುವ ಜಾಗ. ಅದರಾಚೆ ಕೆಲವು ಕಡೆ ಕಾಲು ಇಂಚು, ಕೆಲವು ಕಡೆ ಅರ್ಧ ಇಂಚು ಬಿಟ್ಟು ಇನ್ನೊಂದು ತೆಳ್ಳನೆ ಕಪ್ಪು ಗೆರೆ. ನಡುವೆ ಬಿಳಿ. ಹೊರಗಿನ ಆ ಗೆರೆ ಕೆರೆ ತುಂಬಿದಾಗ ನೀರು ಬರುವ ಎಲ್ಲೆ. ಮಾರಿಕಣಿವೆಯ ಪೂರ್ತಿ ಮಟ್ಟ 130 ಅಡಿ, ಹಿಡಿಯುವ ನೀರು ಸುಮಾರು 30 ಟಿಎಂಸಿ. ಮಳೆ ಕಮ್ಮಿ ಬೀಳುವ ಸೀಮೆಯಲ್ಲಿ, ಮೇಲೆ ನೂರಾರು ಕೆರೆ ನೀರು ಹಿಡಿದ ಮೇಲೆ ಉಳಿದದ್ದು ಬರುವ ಹೊಳೆಗೆ ಅದು ಬಹಳ ದೊಡ್ಡ ಪಾತ್ರೆ. 1933 ಆದ ಮೇಲೆ ಆ ಹೊರಗಿನ ಗೆರೆಯವರೆಗೆ ನೀರು ಬರಲೇ ಇಲ್ಲ. ಒಂದು ತಲೆಮಾರು ಹೋಯಿತು, ಎರಡು ಹೋಯಿತು. ಬಿಳಿ ಜಾಗದಲ್ಲಿ ಜನ ರಾಗಿ ಬಿತ್ತಿದರು, ಬೋರು ಕೊರೆಸಿದರು, ಅಡಿಕೆ ಇಟ್ಟರು. ದೊಡ್ಡಪ್ಪನೇ ಎಷ್ಟೋ ವರ್ಷ, ಸರ್ಕಾರದವರು ಸುಮ್ನೆ ದೊಡ್ಡದಾಗಿ ಗೆರೆ ಎಳೆದಿದ್ದಾರೆ ಅಂತ ಅಂದುಕೊಂಡಿದ್ದರಂತೆ.

ಆಮೇಲೆ ಭದ್ರಾ ಮೇಲ್ದಂಡೆ ಯೋಜನೆಯ ನೀರು ಹೊಳೆಗೆ ಬಿದ್ದಿತು, ಮಳೆಯೂ ಜಾಸ್ತಿ ಬಂತು. 2022ರಲ್ಲಿ ನೀರು ನಡೆದುಕೊಂಡು ಬಂದು ಆ ಕಪ್ಪು ಗೆರೆಯ ಮೇಲೆ ನಿಂತಿತು. ಮಾರನೇ ದಿನ ನಾನು ನಕ್ಷೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು ಅಂಚಿನ ಉದ್ದಕ್ಕೂ ಒಂದೂವರೆ ಮೈಲಿ ನಡೆದೆ. ಹಳೇ ಗಾಡಿದಾರಿ ಒಂದು ಹಳ್ಳಕ್ಕೆ ಇಳಿಯುವ ಕಡೆ ನಕ್ಷೆಯಲ್ಲಿ ಗೆರೆ ಒಂದು ಸಣ್ಣ ಕೊಕ್ಕೆಯಂತೆ ಒಳಗೆ ಬಾಗಿದೆ. ನೀರು ಅಲ್ಲಿ ಅದೇ ಕೊಕ್ಕೆಯಾಗಿ ಬಾಗಿ ನಿಂತಿತ್ತು. ಹುಲ್ಲು ಕಡ್ಡಿ, ಅಡಿಕೆ ಸೋಗೆ, ಒಂದು ಪ್ಲಾಸ್ಟಿಕ್ ಚಪ್ಪಲಿ ಎಲ್ಲ ಆ ಬಾಗಿನಲ್ಲಿ ತೇಲಿ ಬಂದು ಸಾಲಾಗಿ ನಿಂತಿದ್ದವು. ಮೈ ಜುಂ ಅಂದಿತು. 89 ವರ್ಷ ಯಾರೂ ನೋಡದ ಅಂಚನ್ನು ಒಂದು ಕಾಗದ ನೆನಪಿಟ್ಟುಕೊಂಡಿತ್ತು, ಅದೂ ರದ್ದಿಗೆ ಹೋಗಬೇಕಿದ್ದ ಕಾಗದ. ತೋಟ ಕಳೆದುಕೊಂಡವರ ಸಂಕಟ ಅಲ್ಲೇ ಕಣ್ಣೆದುರು ಇತ್ತು, ಅದನ್ನು ಮರೆತು ಈ ಮಾತು ಹೇಳುತ್ತಿಲ್ಲ. ಅವರಲ್ಲಿ ಒಬ್ಬರಿಗಾದರೂ ಗಿಡ ಇಡುವ ಮುಂಚೆ ಈ ಹಾಳೆ ಸಿಕ್ಕಿದ್ದರೆ ಅಂತ ಅನ್ನಿಸಿತು. ತಾಲ್ಲೂಕು ಕಚೇರಿಯ ಗ್ರಾಮನಕ್ಷೆಯಲ್ಲಿ ಸರ್ವೆ ನಂಬರ್, ಬಾಂದು ಕಲ್ಲು, ಹದ್ದುಬಸ್ತು ಎಲ್ಲ ಸಿಗುತ್ತದೆ. ಎಲ್ಲಿ ಏರು, ಎಲ್ಲಿ ಇಳಿಜಾರು, ನೀರು ಬಂದರೆ ಎಲ್ಲಿಗೆ ಬರುತ್ತದೆ ಅನ್ನುವುದು ಸಿಗಲ್ಲ. ಅದು ಇಲ್ಲಿದೆ.

2025ರ ಜನವರಿಯಲ್ಲಿ ಮತ್ತೆ ತುಂಬಿ ಕೋಡಿ ಬಿದ್ದಾಗಲೂ ಹೋಗಿದ್ದೆ. ಕೊಕ್ಕೆ ಅಲ್ಲೇ ಇತ್ತು.

ಇಷ್ಟು ಕರಾರುವಾಕ್ಕಾಗಿ ಹೇಗೆ ಬರೆದರು ಅಂತ ಆಮೇಲೆ ತಲೆಗೆ ಹತ್ತಿಕೊಂಡಿತು. ಆಗ ಸ್ಯಾಟಲೈಟ್ ಅಂತೂ ಇಲ್ಲವೇ ಇಲ್ಲ. ಗುಡ್ಡದ ನೆತ್ತಿಗಳ ಮೇಲೆ ಥಿಯೋಡೊಲೈಟ್ ಇಟ್ಟು ಕೋನ ಅಳೆದು ತ್ರಿಕೋನಗಳ ಬಲೆ ಮೊದಲೇ ಹೆಣೆದಿದ್ದರು. ಆ ಕೆಲಸ ದಕ್ಷಿಣದಲ್ಲಿ ಶುರುವಾಗಿದ್ದು 1802ರಲ್ಲಿ, ಬ್ರಿಟಿಷ್ ಸೈನ್ಯದ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ನೆಲದ ಮೇಲೆ ಮೊದಲ ಗೆರೆ ಅಳೆದಾಗ. ಅದಕ್ಕೂ ಮುಂಚೆ ಟಿಪ್ಪು ಬಿದ್ದ ಮರುವರ್ಷದಿಂದಲೇ ಕಂಪನಿ ಸೈನ್ಯದ ಇನ್ನೊಬ್ಬ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದಿದ್ದ. ಬಲೆ ಸಿದ್ಧವಾದ ಮೇಲೆ ಸರ್ವೆಯರ್ ಮೂರು ಕಾಲಿನ ಹಲಗೆಯ ಮೇಲೆ ಕಾಗದ ಬಿಗಿದುಕೊಂಡು ಊರೂರು ಅಲೆಯಬೇಕು. ಪ್ಲೇನ್ ಟೇಬಲ್ ಅನ್ನುತ್ತಾರೆ. ಗೊತ್ತಿರುವ ಮೂರು ಗುಡ್ಡ ನೋಡಿ ತಾನೆಲ್ಲಿ ನಿಂತಿದ್ದೇನೆ ಅಂತ ಕಂಡುಕೊಂಡು, ಕಂಡದ್ದನ್ನು ಅಲ್ಲೇ ನಿಂತು ಬರೆಯಬೇಕು. ಕಚೇರಿಗೆ ಹೋಗಿ ಬರೆಯುವ ಹಾಗಿಲ್ಲ. ಜೊತೆಗೆ ಬಾವುಟ ಹಿಡಿಯುವ, ಪೆಟ್ಟಿಗೆ ಹೊರುವ, ಮುಳ್ಳು ಸವರಿ ದಾರಿ ಮಾಡುವ ಖಲಾಸಿಗಳು. ಕಾರೆ, ಬಂದರಿಕೆ, ಕಳ್ಳಿ ತುಂಬಿದ, ಕರಡಿ, ಚಿರತೆ ಓಡಾಡುವ ಗುಡ್ಡ ಇವು. ನಕ್ಷೆಯಲ್ಲಿ ಕುರುಚಲು ಕಾಡು ಅಂತ ಒಂದೇ ಮಾತಿನಲ್ಲಿ ಮುಗಿದಿದೆ.

ಶೀಟಿನಲ್ಲಿ ಒಂದು ಗುಡ್ಡದ ತುದಿಗೆ ಸಣ್ಣ ತ್ರಿಕೋನ, ಅಂದರೆ ಹಾಗೆ ಕೋನ ಅಳೆದ ಜಾಗದ ಗುರುತು, ಪಕ್ಕದಲ್ಲಿ ಎತ್ತರ ಇದೆ. ಹೋಗಿ ಹತ್ತಿದೆ. ಮೇಲೆ ಬಂಡೆಯ ಮೇಲೆ ಉಳಿಯಿಂದ ಕೊರೆದ ಒಂದು ವೃತ್ತ, ನಟ್ಟನಡುವೆ ಒಂದು ಚುಕ್ಕಿ. ಹೆಬ್ಬೆರಳು ಇಟ್ಟರೆ ಚುಕ್ಕಿ ಮುಚ್ಚುತ್ತದೆ. ಬಿಸಿಲಿಗೆ ಬಂಡೆ ಸುಡುತ್ತಿತ್ತು, ಆ ಗುಳಿಯಲ್ಲಿ ಮಾತ್ರ ಸ್ವಲ್ಪ ಮಣ್ಣು ಕೂತು ತಣ್ಣಗಿತ್ತು. ಪಕ್ಕದಲ್ಲಿ ಆಳುದ್ದದ ಗುಂಡಿ ತೋಡಿದ್ದಾರೆ. ಯಾರೋ ನಿಧಿ ಗುರುತು ಅಂದುಕೊಂಡಿರಬೇಕು. ಗುಡ್ಡದ ಹೆಸರು ಅದಕ್ಕೇ ಇಲ್ಲಿ ಬರೆಯುತ್ತಿಲ್ಲ. ಅಲ್ಲಿಂದ ನೋಡಿದರೆ ದೂರದ ಗುಡ್ಡಸಾಲಿನ ಮೇಲೆಲ್ಲ ಗಾಳಿ ಫ್ಯಾನುಗಳು ತಿರುಗುತ್ತವೆ. ನಕ್ಷೆಯಲ್ಲಿ ಅವು ಇಲ್ಲ, ಗುಡ್ಡ ಮಾತ್ರ ಗೆರೆಗೆ ಗೆರೆ ಹಾಗೇ ಇದೆ.

ಈ ನಕ್ಷೆಯಲ್ಲಿ ನನಗೆ ಬೇಜಾರಾದದ್ದು ಹೆಸರುಗಳ ವಿಷಯದಲ್ಲಿ. ಊರುಗಳ ಹೆಸರು ಇಂಗ್ಲಿಷಿನಲ್ಲಿ ಇಳಿದಾಗ ಳಕಾರ, ಣಕಾರ ಎಲ್ಲ ಸವೆದು ಹೋಗಿದೆ. ಅದಾದರೂ ಊಹಿಸಬಹುದು. ಆದರೆ ಗುಡ್ಡದಿಂದ ಹೊಳೆಗೆ ಇಳಿಯುವ ಹತ್ತಾರು ಹಳ್ಳಗಳಿಗೆ ಹೆಸರೇ ಇಲ್ಲ. ಕಪ್ಪು ಗೆರೆ ಎಳೆದು ಬಿಟ್ಟಿದ್ದಾರೆ. ನಾನು ಒಂದೊಂದೇ ಗೆರೆ ತೋರಿಸುತ್ತಾ ಹೋದೆ, ದೊಡ್ಡಪ್ಪ ಕನ್ನಡಕ ಏರಿಸಿ ಹೇಳುತ್ತಾ ಹೋದರು. "ಇದು ಸೀಗೆ ಹಳ್ಳ. ಇದು ಕರಡಿ ಹಳ್ಳ. ಇದು ದಿಂಡಗದ ಹಳ್ಳ, ಇಲ್ಲಿ ಮೊದ್ಲು ದಿಂಡಗದ ಮರ ಬಾಳ ಇದ್ವು." ಒಂದು ಕಡೆ ಊರಿನ ಹೆಸರಿನ ಕೆಳಗೆ ಕಂಸದಲ್ಲಿ ಜನ ಬಿಟ್ಟುಹೋದ ಊರು ಅಂತ ಇಂಗ್ಲಿಷಿನಲ್ಲಿತ್ತು. ಓದಿ ಹೇಳಿದೆ. "ಬೇಚರಾಕ್ ಅದು. ಪ್ಲೇಗಿಗೆ ಖಾಲಿ ಆಯ್ತಂತೆ, ನಮ್ಮಜ್ಜಿ ತವರು. ಹುಣಸೆ ಮರ ಐತೆ ಇನ್ನೂ" ಅಂದರು. ಅಜ್ಜಿಯ ತವರು ಅಲ್ಲಿತ್ತು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೊಡ್ಡಪ್ಪನನ್ನು ಯಾರೂ ಕೇಳಿರಲಿಲ್ಲ, ಕೇಳುವುದಕ್ಕೆ ಒಂದು ನೆಪ ಬೇಕಿತ್ತು.

ಹಾಗಾಗಿ ಈ ಕೆಲಸ ಶುರು ಮಾಡಿದ್ದೇನೆ. ಮೂಲ ನಕ್ಷೆಯನ್ನು ಬಿಡಿಸಿ ಬಿಡಿಸಿ ಹಾಳು ಮಾಡಬಾರದು, ಅದರಲ್ಲೂ ಲ್ಯಾಮಿನೇಷನ್ ಮಾತ್ರ ಮಾಡಿಸಲೇಬಾರದು. ಬಿಸಿಗೆ ಹಳೇ ಅಂಟು ಬಿಡುತ್ತದೆ, ಒಮ್ಮೆ ಮಾಡಿದರೆ ತೆಗೆಯಲು ಬರಲ್ಲ. ಹಾಸುಬಂಡೆಯ ಮೇಲೆ ಹರಡಿದಂತೆ ಸಮತಟ್ಟಾಗಿ ಇಟ್ಟು ತುಂಡು ತುಂಡಾಗಿ ಸ್ಕ್ಯಾನ್ ಮಾಡಿ, ಜೋಡಿಸಿ, ಎರಡು ಪಟ್ಟು ದೊಡ್ಡದು ಮಾಡಿ ಪ್ರಿಂಟ್ ತೆಗೆದೆ. ಬಣ್ಣ ಬೇಕಂತಲೇ ಸ್ವಲ್ಪ ತಿಳಿ ಮಾಡಿದೆ, ಮೇಲೆ ಬರೆದದ್ದು ಕಾಣಲಿ ಅಂತ. ಅದರ ಮೇಲೆ ಕೆಂಪು ಪೆನ್ನಿನಲ್ಲಿ ಕನ್ನಡದಲ್ಲಿ ಹೆಸರು ಬರೆಯುತ್ತಿದ್ದೇನೆ. ಹಳ್ಳ, ಗೋಕಟ್ಟೆ, ಕಣಿವೆ ದಾರಿ, ಕಾವಲು, ಬಂಡೆ, ಹೊಳೆ ದಾಟುವ ಜಾಗ. ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿನ ಹದ್ದು ನಕ್ಷೆಯಲ್ಲೇ ಇದೆ, ಅದರೊಳಗಿನ ನೀರಿನ ತಾವುಗಳ ಹೆಸರು ದೊಡ್ಡಪ್ಪನಿಂದ ಬಂತು. ನಿನ್ನೆವರೆಗೆ 43 ಹೆಸರಾಗಿವೆ.

ಒಂದು ಹಳ್ಳದ ಮೇಲೆ ದೊಡ್ಡಪ್ಪನ ಬೆರಳು ನಿಂತುಬಿಟ್ಟಿತು. ಬಡಗಲ ಗುಡ್ಡದಿಂದ ಎರಡು ಕವಲಾಗಿ ಇಳಿದು, ಹಿನ್ನೀರಿನ ಆ ಕೊಕ್ಕೆಗೇ ಬಂದು ಸೇರುವ ಹಳ್ಳ. "ಇದಕ್ಕೆ ಹೆಸ್ರಿತ್ತು. ನಮ್ಮಪ್ಪ ಕರೀತಿದ್ದ. ಬಾಯಿ ತುದೀಲಿ ಐತೆ, ಬರವಲ್ದು" ಅಂದರು. ಊಟ ಮಾಡುವಾಗಲೂ ಅದೇ ಯೋಚನೆ ಅವರಿಗೆ. ರಾತ್ರಿ ಮಲಗುವ ಮುಂಚೆ ಕರೆದು, ಗುಡ್ಡದಾಚೆ ಗೊಲ್ಲರಹಟ್ಟಿಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ಇದ್ದಾನೆ, ತನಗಿಂತ ನಾಲ್ಕು ವರ್ಷ ದೊಡ್ಡವನು, ಅವನಿಗೆ ಗೊತ್ತಿರತೈತೆ ಅಂದರು.

ಈ ಭಾನುವಾರ ಇಬ್ಬರೂ ಹೋಗುತ್ತಿದ್ದೇವೆ. ಪ್ರಿಂಟನ್ನು ಸುತ್ತಿ ಒಂದು ಪಿವಿಸಿ ಪೈಪಿನ ತುಂಡಿನಲ್ಲಿ ಹಾಕಿಟ್ಟಿದ್ದೇನೆ. ಆ ಹಳ್ಳದ ಪಕ್ಕ ಸದ್ಯಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಖಾಲಿ ಗೆರೆ ಎಳೆದಿದ್ದೇನೆ.